ಮೊದಲ ಪದಕ್ಕೆ ಪಕ್ಷವಿಲ್ಲ

ಡೊಳ್ಳಿನ ಹಾಡಿಕೆಯಲ್ಲಿ ಎರಡು ಮೇಳಗಳು ಎದುರುಬದುರು ಕೂಡುತ್ತವೆ. ನಡುವೆ ಕಂಬಳಿ ಹಾಸಿ ಒಬ್ಬನನ್ನು ಕೂಡಿಸುತ್ತಾರೆ. ಒಂದು ಮೇಳ ಸವಾಲು ಒಗೆಯುತ್ತದೆ, ಇನ್ನೊಂದು ಜವಾಬು ಕಟ್ಟುತ್ತದೆ, ಯಾರು ಗೆದ್ದರು ಅನ್ನುವುದನ್ನು ಕಡೆಗೆ ನಡುವಿನವನು ಹೇಳಬೇಕು. ಅಲ್ಲಿಯ ತನಕ ಅವನಿಗೆ ಇರುವುದು ಒಂದೇ ಕಟ್ಟು. ತಲೆ ತೂಗಬಾರದು. ಪದ ಎಷ್ಟೇ ಚೆಂದ ಬರಲಿ, ಡೊಳ್ಳು ಎದೆಯೊಳಗೇ ಬಡಿಯಲಿ, ಅವನ ಕುತ್ತಿಗೆ ಅಲುಗಿತೋ ಮುಗಿಯಿತು, ಅವನು ಆ ಕಡೆಯವನಾದ. ಕೊಗನೊಳ್ಳಿಯ ಮಾಳೇಶನ ಅಪ್ಪ ಬದುಕಿದ್ದಷ್ಟು ದಿನ ಇಂಥ ಕಂಬಳಿಯ ಮೇಲೆ ಕೂತವನು. ಕೊಕಟನೂರಿನ ತನಕ ಅವನನ್ನು ಕರೆದೊಯ್ಯುತ್ತಿದ್ದರು, ಹಾಡುವುದಕ್ಕಲ್ಲ, ಸುಮ್ಮನೆ ಕೂಡುವುದಕ್ಕೆ.

ಆದರೆ ಎಲ್ಲರೂ ಕೂಡಿ ತಲೆದೂಗಬಹುದಾದ ಪದ ಒಂದಿತ್ತು, ಮೊದಲ ಪದ. ಗುರುವಿನದು, ಬೀರದೇವರದು. ಅದನ್ನು ಯಾವ ಮೇಳ ಎತ್ತಿಕೊಂಡರೂ ಎದುರಿನವರು ದನಿ ಕೂಡಿಸಬೇಕು, ಕೂಡಿಸದಿದ್ದರೆ ಊರು ಉಗುಳುತ್ತದೆ. "ಮೊದಲ ಪದಕ್ಕ ಪಕ್ಷ ಇಲ್ಲ" ಎನ್ನುತ್ತಿದ್ದ ಅಪ್ಪ. ಮಾಳೇಶ ಆ ಮಾತನ್ನು ನಂಬಿಯೇ ಬೆಳೆದ. ಕೆಟ್ಟದ್ದೂ ಅದನ್ನೇ ನಂಬಿ.

ಊರಿನ ವಾಚನಾಲಯಕ್ಕೆ ಕಂಪ್ಯೂಟರುಗಳು ಬಂದಾಗ ಅವನ್ನು ನೋಡಿಕೊಳ್ಳುವ ಕೆಲಸ ಮಾಳೇಶನಿಗೆ ಬಂತು. ನಿಪ್ಪಾಣಿಯಲ್ಲಿ ಕಲಿತಿದ್ದ, ಮಾತು ಕಡಿಮೆ, ಊರ ಚುನಾವಣೆಯಲ್ಲಿ ಯಾರ ಪ್ಯಾನೆಲ್ಲಿನವನೂ ಅಲ್ಲ. ವಾಚನಾಲಯದ ಅಧ್ಯಕ್ಷರು ಬಾಬಾಸಾಹೇಬ ಕಾಕಾ, ಕಬ್ಬಿನ ಹೊಲದವರು, ಬಿಳಿ ಟೋಪಿಯ ಮನುಷ್ಯ. ಮೊದಲ ದಿನ ಅವರು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತು, ಬ್ರೌಸರಿನ ನೆತ್ತಿಯ ಮೇಲೆ ಸಾಲಾಗಿ ತೂಗುತ್ತಿದ್ದ ಬುಕ್‌ಮಾರ್ಕುಗಳನ್ನು ಬೆರಳಿನಿಂದ ಒಂದೊಂದಾಗಿ ತಿವಿದರು.

"ಇವ್ಯಾವುಲೇ, ತೋರಣ ಕಟ್ಟಿದಂಗ ಕಟ್ಯಾರಲ್ಲ?"

"ಮಾರಿದಾವ್ರು ಹಚ್ಚಿ ಕಳಸ್ಯಾರ್ರಿ ಕಾಕಾ. ಅರಬಿ-ಬಟ್ಟಿ ಅಂಗಡಿ, ಕ್ರಿಕೆಟ್ಟು, ಒಂದು ಸುದ್ದಿ ಚಾನೆಲ್ಲು."

"ಯಾವ ಚಾನೆಲ್ಲು?"

ಮಾಳೇಶ ಹೇಳಿದ. ಕಾಕಾ ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದರು. "ಅದು ಆ ಪಾರ್ಟಿಯವ್ರ ಪೈಕಿ. ತಗಿ, ಎಲ್ಲಾ ತಗಿ. ಪರರು ಕಟ್ಟಿದ ತೋರಣ ನಮ್ಮ ಬಾಗಿಲಕ ಬ್ಯಾಡ. ನಾವ ಕಟ್ಟೂಣು. ಆದ್ರ ಒಂದ ಮಾತು. ಯಾವ ಪಾರ್ಟೀದು ಇರಬಾರದು, ಯಾವ ಪ್ಯಾನೆಲ್ಲಿಂದೂ ಇರಬಾರದು. ಕನ್ನಡ ಪೇಪರ್ ಇಟ್ಟಿ ಅಂದ್ರ ಮರಾಠಿ ಪೇಪರೂ ಇಡು. ಇಲ್ಲಿ ಕೂತಾವ್ಗ ಇದು ನಮ್ದಲ್ಲ ಅನ್ನಿಸಬಾರದು."

ಅಂದಿನಿಂದ ಬುಕ್‌ಮಾರ್ಕುಗಳ ಸಾಲಿಗೆ ಊರಲ್ಲಿ ತೋರಣವೆಂದೇ ಹೆಸರಾಯಿತು. ಮಾಳೇಶ ಅದನ್ನು ಒಳ್ಳೆ ಮುತ್ತು ಪೋಣಿಸಿದಂತೆ ಕಟ್ಟಿದ. ಮಳೆಯ ಮುನ್ಸೂಚನೆ, ಪಹಣಿ ತೆಗೆಯುವುದು, ಪರೀಕ್ಷೆಯ ಫಲಿತಾಂಶ, ಒಂದು ಕನ್ನಡ ಪತ್ರಿಕೆ, ಒಂದು ಮರಾಠಿ ಪತ್ರಿಕೆ. ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಾಲು. ಕಟ್ಟಿ ಮುಗಿದಾಗ ಸಾಲಿನ ತಲೆಗೆ ಏನೋ ಕಮ್ಮಿಯಾದಂತೆ ಕಂಡಿತು. ಮೊದಲಿಗೆ ದೇವರಿಲ್ಲದೆ ಯಾವುದನ್ನು ಶುರು ಮಾಡಿದ್ದೇವೆ? ಹಾಗಾಗಿ ಎಡಗಡೆಯ ತುದಿಗೆ, ಎಲ್ಲಕ್ಕೂ ಮುಂಚೆ, ಕಾಮಣ್ಣನ ಮೇಳದ ಚಾನೆಲ್ಲನ್ನು ಸಿಕ್ಕಿಸಿದ. ಕಾಮಣ್ಣ ಊರಿನ ಹಾಡುಗಾರ, ಅಪ್ಪನ ಗೆಳೆಯ. ಅವನ ಪ್ರತಿ ಹಾಡಿಕೆಯೂ ಗುರುವಿನ ಪದದಿಂದಲೇ ಏಳುತ್ತಿತ್ತು, ಒತ್ತಿದರೆ ಸಾಕು, ಹೊಸದಾಗಿ ಹಾಕಿದ ಹಾಡಿಕೆ ತಾನಾಗಿ ಶುರುವಾಗುತ್ತಿತ್ತು. ಕಾಕಾ ನೋಡಿ ಕೈ ಮುಗಿದರು. ಯಾರೂ ತಕರಾರು ಮಾಡಲಿಲ್ಲ.

ಬೆಳಿಗ್ಗೆ ಕೀಲಿ ತೆಗೆದು ಕಸ ಹೊಡೆದು ಊದಿನಕಡ್ಡಿ ಹಚ್ಚಿದ ಮೇಲೆ ಮಾಳೇಶ ಅದನ್ನು ಒತ್ತಿ, ಕಣ್ಣು ಮುಚ್ಚಿ ಕೂಡುತ್ತಿದ್ದ. ಪದವನ್ನು ಅವನು ಎಂದೂ ನೋಡುತ್ತಿರಲಿಲ್ಲ, ಕೇಳುತ್ತಿದ್ದ. ಹೆದ್ದಾರಿಯಲ್ಲಿ ಕೊಲ್ಹಾಪುರದ ಕಡೆ ಹೋಗುವ ಲಾರಿಗಳ ಸದ್ದು ಆ ಹೊತ್ತಿಗೆ ದೂರ ಸರಿದು ನಿಲ್ಲುತ್ತಿತ್ತು.

ಮಧ್ಯಾಹ್ನದ ಮೇಲೆ ರಾಮವ್ವ ಬರುತ್ತಿದ್ದಳು. ಕುರಿ ಕಾಯ್ದು ಮುದುಕಿಯಾದವಳು, ಈಗ ಕುರಿಗಳ ಹಿಂದೆ ಮಗ ಹೋಗುತ್ತಿದ್ದ. ಓದು ಬಾರದು. ಮೇಲಿನ ಸಾಲಿನಲ್ಲಿ ಎಡಕ್ಕೆ ಮೊದಲನೆಯದು, ಡೊಳ್ಳಿನ ಚಿತ್ರ ಇದ್ದದ್ದು, ಎಂದು ಮಾಳೇಶನೇ ಕಲಿಸಿದ್ದ. ಒತ್ತುವುದನ್ನು ಕಲಿತ ದಿನ ಅವಳು ಮೌಸಿಗೆ ಕುಂಕುಮ ಹಚ್ಚಬೇಕೆಂದು ಹಟ ಹಿಡಿದಿದ್ದಳು, ಅದು ಕೆಟ್ಟುಹೋಗುತ್ತದೆಂದು ಹೇಳಿ ಬಿಡಿಸುವಷ್ಟರಲ್ಲಿ ಅವನಿಗೆ ಸಾಕಾಗಿತ್ತು.

"ಮನ್ಯಾಗ ಟಿವಿ ಐತಿ ಅಲ್ಲಬೇ ಆಯಿ, ಇಲ್ಲಿಗ್ಯಾಕ ಬರ್ತಿ?" ಎಂದು ಯಾರಾದರೂ ಕೆಣಕಿದರೆ,

"ಟಿವ್ಯಾಗ ಬರೇ ಅತ್ತಿ-ಸೊಸಿ ಜಗಳಾ. ಅದನ್ನ ಬೇಕಾದ್ರ ನಾನ ಮಾಡ್ತೀನಿ, ಕರೆಂಟ್ ಯಾಕ ಸುಡಬೇಕು?" ಎನ್ನುತ್ತಿದ್ದಳು.

ಹೇಳುವುದಕ್ಕಷ್ಟೇ. ಅವಳಿಗೂ ಸೊಸೆ ಸೋನಾಲಿಗೂ ಜಗಳ ಆದದ್ದನ್ನು ಊರು ಕಂಡಿರಲಿಲ್ಲ. ಸೋನಾಲಿ ಗಡಿಯಾಚೆ ಕಾಗಲದ ಕಡೆಯವಳು. ಅವಳ ಕನ್ನಡದಲ್ಲಿ ಮರಾಠಿ ಅಷ್ಟಿಷ್ಟು ಬೆರೆತಿರುತ್ತಿತ್ತು, ಊರಿನವರ ಮರಾಠಿಯಲ್ಲಿ ಕನ್ನಡ ಬೆರೆತಂತೆ. ಧೈರ್ಯದ ಹೆಂಗಸು. ತೋರಣ ಕಟ್ಟಿದ ಹೊಸತರಲ್ಲಿ ಒಮ್ಮೆ ಬಂದು, ಊರಿನ ಮೈದುನನೆಂಬ ಸಲಿಗೆಯಲ್ಲಿ, "ಭಾವೋಜಿ, ಮರಾಠಿ ಪೇಪರ್ ಯಾಕ ಬಾಲದಾಗ ಇಟ್ಟೀರಿ? ಒಂದ ತಿಂಗಳ ಅದು ಮುಂದ, ಒಂದ ತಿಂಗಳ ಇದು ಮುಂದ ಮಾಡಿದ್ರ ಏನ ಬೀಳತೈತಿ?" ಎಂದು ನಾಲ್ಕು ಜನರೆದುರು ಕೇಳಿದ್ದಳು. ಕೇಳಿದ್ದು ಸರಿಯಾಗಿತ್ತು. ಮಾಳೇಶ ಹಾಗೇ ಮಾಡಿದ್ದ. ಆದರೆ ಒಳಗೆಲ್ಲೋ ಒಂದು ಮುಳ್ಳು ಮುರಿದುಕೊಂಡು ಉಳಿದಿತ್ತು. ನಡುವೆ ಕೂತವನ ಮಗನಿಗೆ ತೂಕ ಕಲಿಸಲು ಬಂದಳಲ್ಲ ಎಂದು.

ಪಂಚಾಯತಿ ಚುನಾವಣೆ ಬಂತು. ಒಂದು ಪ್ಯಾನೆಲ್ಲಿನಿಂದ ಸೋನಾಲಿ ನಿಂತಳು, ಹೊಲಿಗೆ ಯಂತ್ರದ ಗುರುತು. ಎದುರು ಪ್ಯಾನೆಲ್ಲನ್ನು ನಡೆಸುತ್ತಿದ್ದವನು ಶಿವಾಜಿ, ಹಾಡುಗಾರ ಕಾಮಣ್ಣನ ಮಗ. ಕಾಮಣ್ಣನ ಚಾನೆಲ್ಲಿಗೆ ಹಾಡಿಕೆ ಹಾಕುತ್ತಿದ್ದವನೂ ಅವನೇ.

ಒಂದು ಬೆಳಿಗ್ಗೆ ಮಾಳೇಶ ಎಂದಿನಂತೆ ಮೊದಲನೆಯದನ್ನು ಒತ್ತಿ ಕಣ್ಣು ಮುಚ್ಚಿದ. ಗುರುವಿನ ಪದ ಬಂತು, ಹೋಯಿತು. ಆಮೇಲೆ ಡೊಳ್ಳಿನ ನಡೆ ಬದಲಾಯಿತು. ಕಾಮಣ್ಣನ ದನಿ ಕೆಳಗಿಳಿದು, ನೆಲ ಹಿಡಿದು, ಮೇಲಕ್ಕೆ ಚಿಮ್ಮಿತು:

ಆಚಿಯ ಹೊಳಿಯ ನೀರ ತಂದು
ಈಚಿಯ ಕೊಡಕ ಹೊಯ್ದಾರೋ
ಆಡಬಾರದ ನಾಲಗಿ ತಂದು
ಊರಿನ ಬಾಯಾಗ ಇಟ್ಟಾರೋ

ಎಂಥ ಕಟ್ಟು! ಹೊಯ್ದಾರೋ ಎನ್ನುವಲ್ಲಿ ಡೊಳ್ಳು ಒಂದು ಪೆಟ್ಟು ನುಂಗಿತು, ಇಟ್ಟಾರೋ ಎನ್ನುವಲ್ಲಿ ಉಗುಳಿತು. ಮಾಳೇಶನ ತಲೆ ತೂಗಿತು. ಅದು ಸೋನಾಲಿಯ ಮೇಲೆ ಕಟ್ಟಿದ್ದು ಎಂದು ತಿಳಿದದ್ದು ತೂಗಿದ ಮೇಲಲ್ಲ, ತೂಗುವಾಗಲೇ. ತುಟಿಯ ಮೇಲೆ ಒಂದು ನಗೆಯೂ ಬಂದಿತ್ತು. ಕಣ್ಣು ತೆಗೆದು ನೋಡಿದರೆ ಕಾಮಣ್ಣನ ಮುಖದ ಕೆಳಗೆ ಶಿವಾಜಿಯ ಪ್ಯಾನೆಲ್ಲಿನ ಗುರುತು ಹೊಳೆಯುತ್ತಿತ್ತು.

ಆಗಲೇ ತೆಗೆಯಬೇಕಿತ್ತು. ಮೌಸಿನ ಮೇಲೆ ಕೈಯೂ ಇತ್ತು. ಆದರೆ ಮೊದಲ ಪದ ಗುರುವಿನದಲ್ಲವೇ, ಗುರುವನ್ನು ತೋರಣದಿಂದ ಹೇಗೆ ಕಿತ್ತುಹಾಕಲಿ ಎಂದುಕೊಂಡ. ಶಿವಾಜಿ ಇವತ್ತಲ್ಲ ನಾಳೆ ಬೇರೆ ಹಾಡಿಕೆ ಹಾಕುತ್ತಾನೆ, ಇದು ತಾನಾಗಿ ಕೆಳಗೆ ಹೋಗುತ್ತದೆ ಎಂದುಕೊಂಡ. ಹೀಗೆ ಅಂದುಕೊಳ್ಳುತ್ತ ಮರುದಿನವೂ ಒತ್ತಿದ, ಅದರ ಮರುದಿನವೂ. ನುಂಗಿದ ಪೆಟ್ಟು ಬರುವುದನ್ನು ಈಗ ಅವನ ಕುತ್ತಿಗೆ ಮೊದಲೇ ಕಾಯುತ್ತಿತ್ತು.

ರಾಮವ್ವ ಕುರಿಗಳ ಉಣ್ಣೆ ಕತ್ತರಿಸುವ ಹಂಗಾಮು ಮುಗಿಸಿ ಬಹಳ ದಿನದ ಮೇಲೆ ಬಂದಳು. ಪ್ರಚಾರದ ಬಿಸಿಲಿನಿಂದ ತಪ್ಪಿಸಿಕೊಂಡ ಗಂಡಸರು ಅಂದು ಬೆಂಚು ತುಂಬ ಕೂತು ಪೇಪರು ಹರಡಿಕೊಂಡಿದ್ದರು. ಅವಳು ಚಪ್ಪಲಿ ಹೊರಗೆ ಬಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ತನ್ನ ಕಂಪ್ಯೂಟರಿನ ಮುಂದೆ ಕೂತಳು. ಎಡಕ್ಕೆ ಮೊದಲನೆಯದು. ಒತ್ತಿ ಕೈ ಮುಗಿದಳು.

ಮಾಳೇಶ ಮೇಜಿನ ಹಿಂದೆ ಇದ್ದ. ಎದ್ದುಹೋಗಿ ನಿಲ್ಲಿಸುವಷ್ಟು ಹೊತ್ತು ಇತ್ತು. ಗುರುವಿನ ಪದ ಸಣ್ಣದೇನಲ್ಲ. ಎದ್ದರೆ ಯಾಕೆಂದು ಎಲ್ಲರೂ ಕೇಳುತ್ತಾರೆ. ಕೂತೇ ಇದ್ದ.

ಆಚಿಯ ಹೊಳಿಯ ನೀರು ಬಂತು. ಆಡಬಾರದ ನಾಲಗೆ ಬಂತು. ಬೆಂಚಿನಲ್ಲಿ ಒಬ್ಬ ಕಿಸಕ್ಕೆಂದ. ಇನ್ನೊಬ್ಬ, "ಆಯಿ ಸ್ವಂತ ಸೊಸಿ ಮ್ಯಾಲಿನ ಪದಾ ಹಚ್ಚಿ ಕೈ ಮುಗದ ಕೂತಾಳ ನೋಡ್ರೋ" ಎಂದ. ಪೇಪರುಗಳ ಹಿಂದೆ ನಗೆ ಹಬ್ಬಿತು. ರಾಮವ್ವನ ಮುಗಿದ ಕೈಗಳು ಹಾಗೇ ಇದ್ದವು. ಹೇಗೆ ನಿಲ್ಲಿಸಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಪದ ತಾನಾಗಿ ಮುಗಿಯುವ ತನಕ ಅವಳು ಅದರ ಮುಂದೆ ಕೂತಿದ್ದಳು.

ಆಮೇಲೆ ಮೇಜಿನ ಹತ್ತಿರ ಬಂದಳು. ದನಿ ತಗ್ಗಿಸಿ, ತಪ್ಪು ತನ್ನದೇ ಎಂಬಂತೆ ಕೇಳಿದಳು.

"ಮಾಳೂ, ನಾ ಬ್ಯಾರೆ ಏನರ ಒತ್ತಿದೆನೇನ? ಇದು ನೀ ಹಚ್ಚಿದ್ದ ಅಲ್ಲೋ?"

ಗಂಡಸರು ಪೇಪರಿನ ಮೇಲಿಂದ ನೋಡುತ್ತಿದ್ದರು.

"ನಾ ಅಲ್ಲಬೇ ಆಯಿ" ಎಂದ ಮಾಳೇಶ. "ಅದು ಕಂಪ್ಯೂಟರ್ ಬರೂಮುಂದನ ಹಂಗ ಬಂದೈತಿ. ಮಾರಿದಾವ್ರು ಹಚ್ಚಿ ಕಳಸ್ಯಾರ."

"ಹಂಗೇನು" ಎಂದಳು ರಾಮವ್ವ. ಅವಳ ಮುಖ ಹಗುರಾಯಿತು. ಚಪ್ಪಲಿ ಮೆಟ್ಟಿ ಹೋದಳು.

ಸುದ್ದಿ ಸಂಜೆಯೊಳಗೆ ಸೋನಾಲಿಗೆ ಮುಟ್ಟಿತು. ಮರುದಿನ ವಾಚನಾಲಯದಲ್ಲಿ ಮೀಟಿಂಗು ಕೂಡಿತು. ಬಾಬಾಸಾಹೇಬ ಕಾಕಾ ನಡುವೆ, ಅತ್ತ ಶಿವಾಜಿಯ ಕಡೆಯವರು, ಇತ್ತ ಸೋನಾಲಿಯ ಕಡೆಯವರು. ಸೋನಾಲಿ ನಿಂತೇ ಮಾತಾಡಿದಳು.

"ಕಾಕಾ, ಹಾಡು ಕಟ್ಟಿದಾವ್ರ ಮ್ಯಾಲ ನಂದೇನೂ ಸಿಟ್ಟಿಲ್ಲ. ಚುನಾವಣಿ ಅಂದ್ರ ಬೈತಾರ, ನಾವೂ ಬೈತೀವಿ. ಆದ್ರ ಇದು ಎಲ್ಲಾರ ಜಾಗಾ. ಇಲ್ಲಿ ಕಂಪ್ಯೂಟರ್ ತಗದ್ರ ಮೊದಲ ಅವ್ರ ಗುರುತ ಕಾಣತೈತಿ ಅಂದ್ರ ಇದು ಅವ್ರ ಆಫೀಸ ಆತು. ನಾವು ಬ್ಯಾರೆ ವಾಚನಾಲಯ ಮಾಡ್ಕೋತೀವಿ. ನಮ್ಮ ಓಣ್ಯಾಗ. ಮರಾಠಿ ಪೇಪರೂ ಅಲ್ಲೇ ಹೋಗ್ಲಿ."

ಶಿವಾಜಿ ನಕ್ಕ. "ವೈನಿ, ನಾ ನನ್ನ ಚಾನೆಲ್ಲಿಗೆ ಹಾಕೀನಿ. ಇಲ್ಲಿ ತೂಗ ಹಾಕ್ರಿ ಅಂತ ಯಾರಿಗೂ ಹೇಳಿಲ್ಲ. ಯಾರು ಹಾಕ್ಯಾರೋ ಅವ್ರನ್ನ ಕೇಳ್ರಿ."

ಎಲ್ಲರೂ ಮಾಳೇಶನ ಕಡೆ ತಿರುಗಿದರು. ಅವನು ಬಾಯಿ ತೆರೆಯುವ ಮೊದಲು ಕಾಕಾ ಕೈ ಎತ್ತಿದರು.

"ಇವ್ನ ಕೇಳೂದೇನೈತಿ? ಇವ್ನಪ್ಪನ್ನ ನಾ ಕಂಡೀನಿ. ಎದುರಿಗಿ ಹೆಂಡತಿ ತವರಿನ ಮೇಳ ಹಾಡತಿದ್ರೂ ತಲಿ ತೂಗದ ಗಂಡಸು. ಅವನ ಮಗಾ ಇಂಥಾದ ಮಾಡಿದ ಅಂದ್ರ ಬೇಲೀನ ಎದ್ದ ಹೊಲಾ ಮೇಯ್ದಂಗ. ನಾ ನಂಬೂದಿಲ್ಲ."

ಕಾಕಾನ ಒಂದೊಂದು ಮಾತೂ ಮಾಳೇಶನ ಬೆನ್ನ ಮೇಲೆ ಬಿದ್ದು ಅವನನ್ನು ಸ್ವಲ್ಪ ಸ್ವಲ್ಪವೇ ಬಗ್ಗಿಸಿತು. ತೋರಣದ ತುದಿಗೆ ಅದನ್ನು ಸಿಕ್ಕಿಸಿದ ದಿನ ಕಾಕಾನೇ ಕೈ ಮುಗಿದಿದ್ದರು. ಅವರಿಗೆ ನೆನಪಿರಲಿಲ್ಲ. ನೆನಪಿಸುವುದು ಅವನ ಕೆಲಸ. ಅವನು ನೆನಪಿಸಲಿಲ್ಲ.

ಆಗ ಬಾಗಿಲ ಹತ್ತಿರ ಕೂತಿದ್ದ ರಾಮವ್ವ ಎದ್ದಳು. ಸೊಂಟದ ಚೀಲದಿಂದ ಭಂಡಾರ ತೆಗೆದು, ಆ ಅರಿಷಿಣದ ಪುಡಿಯನ್ನು ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಅಂಗೈಯಲ್ಲಿ ಹಿಡಿದಳು. ಕುರಿ ಕಾಯುವ ಹಾಲುಮತದವರು ಭಂಡಾರ ಹಿಡಿದು ಆಡಿದ ಮಾತಿಗೆ ಆಚೆ ಮಾತಿಲ್ಲ.

"ಸೋನಾಲಿ, ಕೂಡವಾ ತಂಗಿ. ಕಾಕಾ, ನಾ ಹೇಳತೀನಿ ಕೇಳ್ರಿ. ಈ ಹುಡುಗಂದು ತಪ್ಪಿಲ್ಲ. ಅದು ಮಿಷನ್ ಬರೂಮುಂದನ ಹಂಗ ಬಂದೈತಿ, ಮಾರಿದಾವ್ರು ಹಚ್ಚಿ ಕಳಸ್ಯಾರ. ಬೀರದೇವರ ಭಂಡಾರ ಹಿಡದ ಹೇಳತೀನಿ. ಹಾಡಿನಾಗ ಬೈಸ್ಕೊಂಡಾಕಿ ನನ್ನ ಸೊಸಿ. ನಾನ ಹೇಳಿದ ಮ್ಯಾಲ ಮುಗೀತಿಲ್ಲೋ?"

ಮುಗಿಯಿತು. ಸೋನಾಲಿ ಅತ್ತೆಯ ಮುಖವನ್ನೇ ನೋಡುತ್ತ ಕೂತಳು. ಶಿವಾಜಿಯ ಕಡೆಯವನೊಬ್ಬ ಚಹಾಕ್ಕೆ ಹೇಳಿಕಳಿಸಿದ. ಎರಡೂ ಕಡೆಯವರು ಒಂದೇ ಕಿಟ್ಲಿಯಿಂದ ಬಗ್ಗಿಸಿದ ಚಹಾ ಕುಡಿದರು. ವಾಚನಾಲಯ ಒಡೆಯಲಿಲ್ಲ. ಮಾಳೇಶನ ಕೈಗೂ ಒಂದು ಕಪ್ಪು ಬಂತು. ಅದು ಆರಿ ಕೆನೆಗಟ್ಟುವ ತನಕ ಹಿಡಿದುಕೊಂಡೇ ಇದ್ದ.

ಜನ ಕರಗಿದ ಮೇಲೆ ಅವನು ಪ್ರತಿ ಕಂಪ್ಯೂಟರಿನಿಂದಲೂ ಅದನ್ನು ತೆಗೆದ. ತೆಗೆಯುವುದು ಎಷ್ಟು ಸಲೀಸಾಗಿತ್ತೆಂದರೆ ಅದಕ್ಕೇ ಅವನಿಗೆ ಇನ್ನಷ್ಟು ನಾಚಿಕೆಯಾಯಿತು. ಒಂದು ಸಲ ಒತ್ತಿದರೆ ಹೋಯಿತು. ಇಷ್ಟನ್ನು ಮಾಡದೆ ಒಬ್ಬ ಮುದುಕಿಯ ಕೈಗೆ ಭಂಡಾರ ಕೊಟ್ಟು ಸುಳ್ಳು ಹೇಳಿಸಿದ್ದ.

ಮರುದಿನ ಮಧ್ಯಾಹ್ನ ರಾಮವ್ವ ಮತ್ತೆ ಬಂದಳು. ನಡೆದದ್ದೆಲ್ಲ ಮುಗಿದುಹೋಗಿದೆ ಎಂಬ ಧೈರ್ಯದ ಮೇಲೆ ಬಂದಿದ್ದಳು. ಎಡಕ್ಕೆ ಮೊದಲನೆಯದನ್ನು ಒತ್ತಿದಳು. ಪರದೆಯ ಮೇಲೆ ಮೋಡಗಳು ಬಂದವು, ಮಳೆಯ ಅಂಕಿಗಳು ಬಂದವು. ಅವಳು ಬೆರಳು ಎತ್ತಿ, ಮತ್ತೆ ಒತ್ತಿ, ಮತ್ತೆ ಮೋಡಗಳನ್ನೇ ಕಂಡಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಡೊಳ್ಳಿಂದು ಎಲ್ಲಿ ಹೋತೋ ಮಾಳೂ?"

"ತಗದೆನಬೇ."

"ಮಾರಿದಾವ್ರು ಹಚ್ಚಿದ್ದು ನಿನಗ ತಗಿಲಿಕ್ಕೆ ಬರತೈತಿ?"

ಮಾಳೇಶ ಎದ್ದು ಅವಳ ಹತ್ತಿರ ಬಂದ. ನಿಂತು ಹೇಳಲಾಗಲಿಲ್ಲ, ನೆಲದ ಮೇಲೆ ಕೂತ.

"ಮಾರಿದಾವ್ರು ಹಚ್ಚಿಲ್ಲ ಆಯಿ. ನಾನ ಹಚ್ಚಿದ್ದೆ. ಹೊಸಾ ಪದಾ ಬಂದದ್ದೂ ಗೊತ್ತಿತ್ತು. ದಿನಾ ಕೇಳತಿದ್ದೆ."

ರಾಮವ್ವ ಪರದೆಯ ಮೇಲಿನ ಮೋಡಗಳನ್ನು ನೋಡುತ್ತಿದ್ದಳು. ಅವಳ ಹಣೆಯ ಮಡಿಕೆಯಲ್ಲಿ ನಿನ್ನೆಯ ಭಂಡಾರದ ಹಳದಿ ಇನ್ನೂ ಉಳಿದಿತ್ತು.

"ಚಲೋ ಅನಸ್ತಿತ್ತೇನು?"

ಇದನ್ನು ಅವನು ಎಣಿಸಿರಲಿಲ್ಲ. ಯಾಕೆ ಸುಳ್ಳು ಹೇಳಿದೆ ಎಂದು ಕೇಳುತ್ತಾಳೆಂದುಕೊಂಡಿದ್ದ.

"ಹೂಂ" ಎಂದ.

ಅವಳು ನಿಧಾನ ಎದ್ದಳು. ಸೆರಗಿನ ತುದಿಯಿಂದ ಹಣೆ ಒರೆಸಲು ಹೋಗಿ, ಒರೆಸಬಾರದೆಂದು ನೆನಪಾಗಿ ಕೈ ಬಿಟ್ಟಳು. "ನೀ ಹೇಳಿದ್ದ ಖರೇ ಅಂತ ತಿಳದ ನಾ ದೇವರನ್ನ ನಡು ತಂದ್ನಲ್ಲೋ. ನಿನ್ನ ಮಾತ ನನ್ನ ಬಾಯಾಗ ಇಟ್ಟಿ." ಮೆತ್ತಗೇ ಹೇಳಿದಳು. "ನಡಿ. ನಾ ಆಡಿದ್ದು ನಾ ಹಿಂದಕ್ಕ ತಗೋಬೇಕು. ನಿಂದು ನೀ ತಗೋ."

"ಆಯಿ, ಸೋನಾಲಿ ವೈನಿ ಕಡ್ಯಾವ್ರು ಬ್ಯಾರೆ ಹೋಗ್ತಾರ. ವಾಚನಾಲಯ ಒಡೀತೈತಿ."

"ಭಂಡಾರದ ಸುಳ್ಳಿನ ಮ್ಯಾಲ ನಿಂತದ್ದು ಎಷ್ಟ ದಿನ ನಿಂತೀತು?"

ಬಾಬಾಸಾಹೇಬ ಕಾಕಾ ತಮ್ಮ ಮನೆಯ ಅಂಗಳದಲ್ಲಿ ಕಬ್ಬಿನ ಟ್ರಾಕ್ಟರಿನವನ ಜೊತೆ ಮಾತಾಡುತ್ತಿದ್ದರು. ಇಬ್ಬರನ್ನೂ ಕಂಡು ಅವನನ್ನು ಕಳಿಸಿದರು. ರಾಮವ್ವ ಬಾಗಿಲ ಕಂಬಕ್ಕೆ ಒರಗಿ, ಮಾಳೇಶನ ಕಡೆ ನೋಡಿದಳು. ಅವನು ಹೇಳಿದ. ತುದಿಗೆ ಸಿಕ್ಕಿಸಿದ್ದು, ಹೊಸ ಪದ ಕೇಳಿದ್ದು, ಕೇಳಿಯೂ ತೆಗೆಯದೆ ಬಿಟ್ಟದ್ದು, ಆಯಿಗೆ ಸುಳ್ಳು ಹೇಳಿದ್ದು. ಕಡೆಗೆ, ಯಾರೂ ಕೇಳದಿದ್ದರೂ, "ತಲಿ ತೂಗಿದೆರಿ ಕಾಕಾ" ಎಂದ.

ಕಾಕಾ ಕಟ್ಟೆಯ ಮೇಲೆ ಕೂತು, ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟರು. ಬೈದಿದ್ದರೆ ಮಾಳೇಶನಿಗೆ ನಿಲ್ಲುವುದು ಸುಲಭವಾಗುತ್ತಿತ್ತು.

"ನಿನ್ನೆ ನಿಮ್ಮಪ್ಪನ ಹೆಸರ ತಗದೆ ನಾ" ಎಂದರು. "ತಗೀಬಾರದಿತ್ತು." ಆಮೇಲೆ, "ನಾಳೆ ಎಲ್ಲಾರ ಮುಂದ ಸೋನಾಲಿಗೆ ಹೇಳು. ಹೋಗಾವ್ರು ಹೋಗ್ಲಿ, ಇರಾವ್ರು ಇರ್ಲಿ. ಕೀಲಿ ಇಟ್ಟು ಹೋಗು."

ಮಾಳೇಶ ಕಿಸೆಯಿಂದ ಕೀಲಿ ತೆಗೆದು ಕಟ್ಟೆಯ ಮೇಲಿಟ್ಟ. ರಾಮವ್ವ ಕಂಬ ಬಿಟ್ಟು ಮುಂದೆ ಬಂದು, ಪಡುವಣಕ್ಕೆ ತಿರುಗಿ ಬೀರದೇವರ ಗುಡಿಯ ದಿಕ್ಕಿಗೆ ಗಲ್ಲ ಗಲ್ಲ ಬಡಿದುಕೊಂಡಳು. ಏನೋ ಗೊಣಗಿದಳು. ಅದು ಮಾಳೇಶನಿಗೆ ಕೇಳಲಿಲ್ಲ, ಅವನು ಕೇಳುವುದಕ್ಕಾಗಿ ಆಡಿದ್ದೂ ಅಲ್ಲ.

ಹಿಂದಿರುಗುವಾಗ ಅವಳು ಮುಂದೆ, ಅವನು ಹಿಂದೆ. ಹೆದ್ದಾರಿಯ ಪಕ್ಕದಲ್ಲಿ ಶಿವಾಜಿಯ ಪ್ಯಾನೆಲ್ಲಿನ ಆಟೋ ನಿಂತು ಅದೇ ಪದವನ್ನು ಕೂಗುತ್ತಿತ್ತು. ನುಂಗುವ ಪೆಟ್ಟು ಹತ್ತಿರ ಬಂದಾಗ ಮಾಳೇಶ ಹಲ್ಲು ಕಚ್ಚಿ ಕುತ್ತಿಗೆ ಬಿಗಿ ಹಿಡಿದ. ಪೆಟ್ಟು ಬಂತು, ಹೋಯಿತು. ಮೈಯೊಳಗೆ ಅದು ಸಿಹಿಯಾಗಿಯೇ ಇತ್ತು.

ಓಣಿ ಒಡೆಯುವಲ್ಲಿ ರಾಮವ್ವ ನಿಂತಳು.

"ಮಾಳೂ, ಒಂದ ಕೇಳ್ತೀನಿ. ಗುರುವಿನ ಪದಾ ಅಷ್ಟ ಬ್ಯಾರೆ ಮಾಡಿ ಇಡಾಕ ಬರತಿರಲಿಲ್ಲೇನು? ನನ್ನಂಥಾವ್ರು ಅದನ್ನಷ್ಟ ಕೇಳಿ ಎದ್ದ ಹೋಗೂಹಂಗ?"

ಬರುತ್ತಿತ್ತು. ಕಾಮಣ್ಣನ ಹಳೆಯ ಹಾಡಿಕೆಗಳಲ್ಲಿ ಬರೀ ಗುರುವಿನ ಪದವಷ್ಟೇ ಇದ್ದಂಥವು ಎಷ್ಟೋ ಇದ್ದವು. ಚಾನೆಲ್ಲಿನ ಬದಲು ಅಂಥ ಒಂದನ್ನು ತುದಿಗೆ ಸಿಕ್ಕಿಸಿದ್ದರೆ ಆಗುತ್ತಿತ್ತು. ಒಂದು ಗಳಿಗೆಯ ಕೆಲಸ.

"ಬರತಿತ್ತಬೇ" ಎಂದ.

"ಮತ್ತ ಯಾಕ ಇಡಲಿಲ್ಲ?"

ಆಟೋ ಸದ್ದು ಮಾಡುತ್ತ ಬೋರಗಾಂವದ ದಾರಿಗೆ ತಿರುಗಿತು. ರಾಮವ್ವ ತನ್ನ ಓಣಿಗೆ ಇಳಿದಳು. ಮಾಳೇಶ ಅಲ್ಲೇ ನಿಂತಿದ್ದ, ಕೈ ಕೀಲಿಯಿಲ್ಲದ ಕಿಸೆಯಲ್ಲಿ, ತಲೆ ಎದೆಯ ಮೇಲೆ.